ಪಂಪ್‌ಸೆಟ್ ಬುಷ್: ಕೂರಿಸಿದ ಮೇಲೆಯೇ ತೂತಿನ ಕೊನೆ ಅಳತೆ

ಚನ್ನಗಿರಿ, ಹೊಳಲ್ಕೆರೆ ಕಡೆ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ತಪ್ಪುವಂತಿಲ್ಲ. ಬಿಚ್ಚಿದ ಸಬ್‌ಮರ್ಸಿಬಲ್ (ನೀರಿನಲ್ಲಿ ಮುಳುಗಿ ಓಡುವ) ಪಂಪನ್ನು ಸಂಜೆಯೊಳಗೆ ಕಟ್ಟಿಕೊಡಿ ಎಂಬ ಅವಸರ ಲೇತ್ ಅಂಗಡಿಯಲ್ಲಿ ಇದ್ದದ್ದೇ. ಆ ಅವಸರದಲ್ಲಿ ಮೊದಲು ಕೆಡುವುದು ಬುಷ್, ಅಂದರೆ ಶಾಫ್ಟ್ ತನ್ನೊಳಗೆ ತಿರುಗುವ ಲೋಹದ ಬಳೆ. ಹೊಸ ಬುಷ್ ಹಾಕಿದ ಪಂಪು ಕೆಲವೇ ದಿನಕ್ಕೆ ಜಾಮ್ ಆಗಿ ಬಂದರೆ ಬಹುಪಾಲು ತಪ್ಪು ಅಳತೆಯದು.

ಲೋಹ ಗನ್‌ಮೆಟಲ್ಲೇ ಇರಲಿ: ತಾಮ್ರ 85, ತವರ, ಸತು, ಸೀಸ ತಲಾ 5 ಪಾಲು. ಅರ ಹಾಕಿದಾಗ ಕೆಂಪು ಛಾಯೆ ಕಾಣಬೇಕು. ಅಗ್ಗಕ್ಕೆ ಸಿಗುವ ಹಳದಿ ಹಿತ್ತಾಳೆ ಬೇಡ. ಸವಳು ನೀರಿನಲ್ಲಿ ಅದರೊಳಗಿನ ಸತು ಕರಗಿ, ಹುಡಿಯಾಗುವ ತಾಮ್ರವಷ್ಟೇ ಉಳಿಯುತ್ತದೆ.

ಮೊದಲು ಶಾಫ್ಟ್ ಅಳೆಯಿರಿ. ಸವೆದ ಜಾಗದಲ್ಲಿ ಒಮ್ಮೆ, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ. ಎರಡಕ್ಕೂ 0.05 ಮಿ.ಮೀ. ವ್ಯತ್ಯಾಸ ಬಂದರೆ ಶಾಫ್ಟ್ ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ಸ್ಲೀವ್ (ಸವೆದ ಶಾಫ್ಟಿನ ಮೇಲೆ ತೊಡಿಸುವ ಕೊಳವೆ) ಹಾಕಿಸದೆ ಬುಷ್ ಬದಲಿಸಿ ಪ್ರಯೋಜನವಿಲ್ಲ. ವರ್ನಿಯರ್ ಈ ಕೆಲಸಕ್ಕೆ ಸಾಲದು. ಅದರ ಅತಿ ಸಣ್ಣ ಗೆರೆಯೇ 0.02, ಇಲ್ಲಿ ಬೇಕಿರುವುದು 0.01 ತೋರಿಸುವ ಮೈಕ್ರೋಮೀಟರ್. 25 ಮಿ.ಮೀ. ಶಾಫ್ಟಿಗೆ 0–25ರದ್ದು, ಅದಕ್ಕಿಂತ ತುಸು ದೊಡ್ಡ ತೂತಿನ ಅಳತೆಗೆ 25–50ರದ್ದು ಬೇಕಾಗುತ್ತದೆ. ಎರಡನ್ನೂ ಒಂದೇ 25ರ ಸ್ಟ್ಯಾಂಡರ್ಡ್ ಕಡ್ಡಿಗೆ ಹಿಡಿದು ನೋಡಿ. ಎರಡಕ್ಕೂ 0.02 ಹೆಚ್ಚುಕಡಿಮೆ ಇದ್ದರೆ ಬುಷ್‌ಗೆ ಬಿಡಬೇಕಾದ ಕನಿಷ್ಠ 0.06 ಸಡಿಲದಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಹೌಸಿಂಗ್ (ಬುಷ್ ಕೂರುವ ಪಂಪಿನ ಕವಚ) ತೂತು 35.00 ಇದ್ದರೆ ಬುಷ್‌ನ ಹೊರಮೈ 35.03ರಿಂದ 35.04. ಲೇತ್‌ನಿಂದ ಇಳಿಸಿದ ತಕ್ಷಣ ಅಳೆಯಬೇಡಿ. ಬಿಸಿ 40 ಡಿಗ್ರಿ ಹೆಚ್ಚಿದ್ದರೂ ಈ ಗಾತ್ರದ ಗನ್‌ಮೆಟಲ್ ಸುಮಾರು 0.025 ಹಿಗ್ಗಿರುತ್ತದೆ, ತಣಿದ ಮೇಲೆ ಹಿಡಿತವೇ ಉಳಿಯುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಟರ್ನರ್ ಒಳತೂತನ್ನು ಲೇತ್‌ನಲ್ಲೇ 25.06ಕ್ಕೆ ಮುಗಿಸಿಬಿಡುತ್ತಾನೆ. ಒತ್ತಿ ಕೂರಿಸಿದಾಗ ಹೊರಗಿನ ಬಿಗಿ ಒಳಕ್ಕೆ ತಳ್ಳಿ, ತೂತು 0.03ರಷ್ಟು ಕಿರಿದಾಗುತ್ತದೆ. ಶಾಫ್ಟಿಗೆ ಬೇಕಾದ ಸಡಿಲ ಉಳಿಯುವುದಿಲ್ಲ. ಆಗ ಎಮರಿ ಪೇಪರ್ ಸುತ್ತಿ ಉಜ್ಜುತ್ತಾರೆ. ಇದನ್ನು ಮಾತ್ರ ಎಂದಿಗೂ ಮಾಡಬೇಡಿ. ಎಮರಿ ಕಣ ಮೆತ್ತನೆಯ ಗನ್‌ಮೆಟಲ್‌ನೊಳಗೆ ಹೂತು ಕೂತು, ಮುಂದೆ ಶಾಫ್ಟನ್ನೇ ತಿನ್ನುತ್ತದೆ. ತೂತಿನ ಬಾಯಿಯೂ ಅಗಲವಾಗುತ್ತದೆ.

ಸರಿಯಾದ ದಾರಿ ಹೀಗೆ. ಒಳತೂತು 24.90ಕ್ಕೆ ನಿಲ್ಲಿಸಿ. ಹೌಸಿಂಗನ್ನು ಕುದಿಯುವ ನೀರಿನಲ್ಲಿ ಅದ್ದಿಟ್ಟು ತೆಗೆದು, ಮೆಟ್ಟಿಲು ಕಡೆದ ಮ್ಯಾಂಡ್ರೆಲ್ (ಬುಷ್ ಒತ್ತುವ ಉಕ್ಕಿನ ದಂಡ) ಇಟ್ಟು ವೈಸ್‌ನಲ್ಲಿ ನೇರ ಒತ್ತಿ. ಸುತ್ತಿಗೆ ಬೇಡ, ಒಂದೇ ಪೆಟ್ಟಿಗೆ ಬುಷ್ ವಾಲಬಹುದು. ಪೂರ್ತಿ ತಣಿಯಲಿ. ಆಮೇಲೆ ಅಡ್ಜಸ್ಟಬಲ್ ರೀಮರ್‌ನಿಂದ (ಬ್ಲೇಡ್ ಹಿಗ್ಗಿಸಿ ತೂತನ್ನು ನಯವಾಗಿ ಕೆರೆಯುವ ಉಪಕರಣ) 25.06ರಿಂದ 25.08ಕ್ಕೆ ತನ್ನಿ. ಮಾರುಕಟ್ಟೆಯ 25ರ ಸಾಮಾನ್ಯ ರೀಮರ್ ಕೊಡುವುದು 25.00ರಿಂದ 25.02, 25.00 ಶಾಫ್ಟಿಗೆ ಅದು ಬಿಗಿ. ಬ್ಲೇಡ್‌ಗಳನ್ನು ಒಂದೊಂದು ಸಲಕ್ಕೆ ಕೂದಲೆಳೆಯಷ್ಟೇ ಬಿಚ್ಚಿ. ರೀಮರನ್ನು ಹಿಂದಕ್ಕೆ ತಿರುಗಿಸಬೇಡಿ, ಹೊರತೆಗೆಯುವಾಗಲೂ ಮುಂದಕ್ಕೇ ತಿರುಗಲಿ. ಇಲ್ಲದಿದ್ದರೆ ಅಂಚು ಮೊಂಡಾಗಿ ಗೀರು ಬೀಳುತ್ತದೆ.

ಪ್ರತಿ ಸಲವೂ ಟೆಲಿಸ್ಕೋಪಿಕ್ ಗೇಜ್ (ತೂತಿನೊಳಗೆ ಹಿಗ್ಗಿ ಅದರ ಅಗಲ ಹಿಡಿಯುವ ಸಲಕರಣೆ) ಇಳಿಸಿ, ತುಸು ವಾಲಿಸಿ ಬಿಗಿ ಮಾಡಿ, ಒಂದೇ ಸಲ ನೇರಕ್ಕೆ ದಾಟಿಸಿ ಹೊರತೆಗೆದು ಮೈಕ್ರೋಮೀಟರ್‌ಗೆ ಹಿಡಿಯಿರಿ. ಮೇಲೆ, ಕೆಳಗೆ, ಅಡ್ಡ, ಉದ್ದ ಎಲ್ಲ ಕಡೆ ಅಳತೆ 0.01ರೊಳಗೆ ಕೂಡಿದರಷ್ಟೇ ನಂಬಿ.

ಲೋಹದ ಚೂರುಗಳನ್ನು ತೊಳೆದು ಶಾಫ್ಟ್ ಇಳಿಸಿ, ಬೆರಳಿನಿಂದ ತಿರುಗಿಸಿ. ಎಲ್ಲೂ ಹಿಡಿಯದಿದ್ದರೆ ಕಟ್ಟಬಹುದು. ತಿರುಗುವ ದಿಕ್ಕು ನೋಡಲೆಂದು ಒಣ ಪಂಪಿಗೆ ಕರೆಂಟ್ ಕೊಡಬೇಡಿ. ಈ ಬುಷ್‌ಗೆ ನೀರೇ ಎಣ್ಣೆ. ಮೋಟಾರಿಗೆ ಶುದ್ಧ ನೀರು ತುಂಬಿ, ಪಂಪ್ ಮುಳುಗಿದ ಮೇಲೆಯೇ ಸ್ಟಾರ್ಟರ್ ಒತ್ತಿ.