ಎರೆಮಣ್ಣಿನ ಮೇಲೆ ಒಂದಡಿ ಎತ್ತರದ ಹೂಮಡಿ

ಪುಣೆಗೆ ಬಂದ ಹೊಸತರಲ್ಲಿ ಮನೆ ಮುಂದಿನ ಕಪ್ಪು ಮಣ್ಣು ನೋಡಿ ನನಗೆ ತವರು ಕಂಡಷ್ಟು ಖುಷಿಯಾಗಿತ್ತು. ಧಾರವಾಡದ ಕಡೆಯ ಎರೆ ಹೊಲದಲ್ಲಿ ಆಡಿ ಬೆಳೆದವಳು ನಾನು. ಜೋಳ, ಹತ್ತಿ, ಕಡಲೆ ಆ ಮಣ್ಣಿನಲ್ಲಿ ಹೇಗೆ ಬರುತ್ತವೆ ಅಂತ ಗೊತ್ತಿತ್ತು. ಹೂವೂ ಹಾಗೇ ಬರುತ್ತದೆ ಅಂದುಕೊಂಡು ನೇರ ನೆಲದಲ್ಲೇ ಸೇವಂತಿಗೆ, ಕನಕಾಂಬರ ಹಚ್ಚಿದೆ. ಜುಲೈ ಮಳೆ ನಾಲ್ಕು ದಿನ ಬಿಡದೆ ಹಿಡಿದಾಗ ಎಲೆ ಹಳದಿಯಾಯಿತು. ಹಸಿವಾಗಿರಬೇಕು ಅಂತ ಗೊಬ್ಬರ ಹಾಕಿದೆ. ವಾರ ಬಿಟ್ಟು ಒಂದು ಗಿಡ ಕಿತ್ತು ನೋಡಿದರೆ ಬೇರೆಲ್ಲ ಕಂದು ಬಣ್ಣ, ಕೊಳೆತ ವಾಸನೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ, ಒಳಗಿನ ದಾರದಂಥ ನಾರು ಮಾತ್ರ ಕೈಗೆ ಬಂತು.

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಆಗ ಗಾಳಿ ಆಡುವ ಸಂದೆಲ್ಲ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರನ್ನು ಹರಿದುಹಾಕುತ್ತದೆ. ಹತ್ತಿಯ ಬೇರು ಆಳಕ್ಕೆ ಇಳಿದು ಬದುಕಿಕೊಳ್ಳುತ್ತದೆ. ನಮ್ಮ ಚೆಂಡು ಹೂ, ಸೇವಂತಿಗೆಗಳ ಬೇರು ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಹರಡುತ್ತದೆ. ಆ ಒಂದಡಿಯನ್ನು ನಾವೇ ಕಟ್ಟಿಕೊಟ್ಟರೆ ಸಾಕು. ಏರು ಮಡಿ ಅಂದರೆ ಅಷ್ಟೇ.

ಇಟ್ಟಿಗೆ ಸಿಕ್ಕರೆ ಇಟ್ಟಿಗೆಯಲ್ಲೇ ಮಾಡಿ. ಸಿಮೆಂಟ್ ಹಾಕಬೇಡಿ, ಸುಮ್ನೆ ಒಂದರ ಮೇಲೊಂದು ಜೋಡಿಸಿ. ಸಂದಿಯಿಂದ ನೀರು ಹೊರಗೆ ಹೋಗಲಿ. ಹಳೆ ಹಲಗೆಯಿಂದ ಕಟ್ಟಿದರೆ ಗೆದ್ದಲು ಬರುತ್ತದೆ. ಮನೆ ಗೋಡೆಯ ಪಕ್ಕದಲ್ಲಂತೂ ಅದು ಬೇಡವೇ ಬೇಡ. ಎರಡೂ ಬದಿಯಿಂದ ಕೈ ಆಡುವ ಹಾಗಿದ್ದರೆ ಅಗಲ ಮೂರೂವರೆ ಅಡಿ ಇರಲಿ. ಕಾಂಪೌಂಡಿಗೆ ಒತ್ತಿ ಕಟ್ಟುವುದಾದರೆ ಎರಡೇ ಅಡಿ. ನಡುವಿನ ಕಳೆ ಕೀಳಲು ಮಡಿಯೊಳಗೆ ಕಾಲಿಟ್ಟರೆ ಮಣ್ಣು ಮತ್ತೆ ಗಟ್ಟಿಯಾಗುತ್ತದೆ, ಕಷ್ಟಪಟ್ಟದ್ದೆಲ್ಲ ವ್ಯರ್ಥ. ಎತ್ತರ ಒಂದಡಿ, ಗುಲಾಬಿಗೆ ಒಂದೂವರೆ. ತಳಕ್ಕೆ ಪ್ಲಾಸ್ಟಿಕ್ ಹಾಸಬಾರದು. ಕೆಳಗಿನ ನೆಲವನ್ನು ಹಾರೆಯಿಂದ ಸ್ವಲ್ಪ ಸಡಿಲ ಮಾಡಿ, ಮೇಲೆ ಒಣಗಿದ ಎಲೆ ಹರಡಿ. ಸೊಸೈಟಿಯಲ್ಲಿ ಗುಡಿಸಿ ಸುಡಲು ಇಟ್ಟ ಎಲೆಗಳನ್ನು ಕೇಳಿ ತನ್ನಿ, ಯಾರೂ ಬೇಡ ಅನ್ನುವುದಿಲ್ಲ.

6 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರದ ಮಡಿಗೆ 18 ಘನ ಅಡಿ ಮಣ್ಣು ಬೇಕು. ನಾನು 9 ಪಾಲು ಮಣ್ಣು, 6 ಪಾಲು ಗೊಬ್ಬರ, 3 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕುತ್ತೇನೆ. ಇಲ್ಲಿಯ ನರ್ಸರಿಗಳಲ್ಲಿ ಕೆಂಪು ಮಣ್ಣಿಗೆ ಲಾಲ್ ಮಾತಿ, ಎರೆಹುಳು ಗೊಬ್ಬರಕ್ಕೆ ಗಾಂಡೂಳ್ ಖತ್, ಸೆಗಣಿ ಗೊಬ್ಬರಕ್ಕೆ ಶೇಣಖತ್ ಅಂತ ಕೇಳಿ. ನಿಮ್ಮ ಎರೆಮಣ್ಣನ್ನು ಬಿಸಾಡಬೇಡಿ. 9 ಪಾಲು ಮಣ್ಣಿನಲ್ಲಿ ಮೂರು ಪಾಲು ಅದೇ ಇರಲಿ, ಅದಕ್ಕೆ ಸತ್ವ ಹಿಡಿದಿಡುವ ಗುಣ ಇದೆ. ಆದರೆ ಅದನ್ನು ಸಡಿಲ ಮಾಡಲು ಮರಳು ಬೆರೆಸಲು ಹೋಗಬೇಡಿ. ಸ್ವಲ್ಪ ಮರಳಿಗೆ ಎರೆಮಣ್ಣು ಇನ್ನೂ ಬಿಗಿಯುತ್ತದೆ. ಕಳಿತ ಗೊಬ್ಬರವೇ ಅದಕ್ಕೆ ಮದ್ದು. ಬೆರೆಸಿದ ಮೇಲೆ ಒಂದು ಹಿಡಿ ಒದ್ದೆ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ರೊಟ್ಟಿ ಹಿಟ್ಟಿನ ಹಾಗೆ ಹಾಗೇ ಉಳಿದರೆ ಇನ್ನೊಂದು ಬುಟ್ಟಿ ಗೊಬ್ಬರ ಹಾಕಿ.

ಮಾಳಿಗೆ ಮೇಲೆ ಮಾಡಬೇಕು ಅನ್ನುವವರಿಗೆ ಒಂದು ಮಾತು. ಇಷ್ಟೇ ದೊಡ್ಡ ಮಡಿ ಮಳೆಯಲ್ಲಿ ನೆನೆದರೆ ಅರ್ಧ ಟನ್ನಿಗೂ ಮೇಲೆ ತೂಗುತ್ತದೆ. ಇಂಜಿನಿಯರನ್ನು ಕೇಳದೆ ಕಟ್ಟಬೇಡಿ.

ಹೂ ಆರಿಸುವ ಮೊದಲು ಬಿಸಿಲು ನೋಡಿ. ಒಂದು ಭಾನುವಾರ ಬೆಳಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಹೋಗಿ ನಿಂತು ನೋಡಿ. ಜೂನ್‌ನಲ್ಲಿ ಬಿಸಿಲು ಬೀಳುವ ಜಾಗ ಡಿಸೆಂಬರ್‌ನಲ್ಲಿ ಪಕ್ಕದ ಕಟ್ಟಡದ ನೆರಳಿಗೆ ಹೋಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆರು ತಾಸು ಬಿಸಿಲಿದ್ದರೆ ಚೆಂಡು ಹೂ, ಸೇವಂತಿಗೆ, ಗುಲಾಬಿ. ಅರೆ ನೆರಳಿದ್ದರೆ ಕನಕಾಂಬರ. ಇಲ್ಲಿಯವರು ಅದಕ್ಕೆ ಅಬೋಲಿ ಅನ್ನುತ್ತಾರೆ.

ಆಮೇಲೆ ಹಬ್ಬದಿಂದ ಹಿಂದಕ್ಕೆ ಎಣಿಸಿ. ದಸರಾದ ದಿನ ಪೇಟೆಯಲ್ಲಿ ಝೆಂಡುವಿನ, ಅಂದರೆ ಚೆಂಡು ಹೂವಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಅಲ್ವಾ? ಚೆಂಡು ಹೂ ಬೀಜ ಹಾಕಿದ ದಿನದಿಂದ ಎರಡು, ಎರಡೂವರೆ ತಿಂಗಳಿಗೆ ಅರಳುತ್ತದೆ. ಅಂದರೆ ಜುಲೈ ನಡುವಿಗೆ ಒಂದು ಸಲ, ದೀಪಾವಳಿಗಾಗಿ ಆಗಸ್ಟ್ ಮೊದಲ ವಾರ ಇನ್ನೊಂದು ಸಲ ಬೀಜ ಹಾಕಿ. ದೊಡ್ಡ ಜಾತಿಗೆ ಗಿಡದಿಂದ ಗಿಡಕ್ಕೆ ಒಂದೂ ಕಾಲು ಅಡಿ ಬಿಡಿ, ಗಿಡ್ಡ ಜಾತಿಗೆ ಒಂದು ಗೇಣು ಸಾಕು. ಗಿಡ ಗೇಣುದ್ದ ಆದಾಗ ತುದಿ ಚಿವುಟಿ. ಹೂ ಒಂದೆರಡು ವಾರ ತಡವಾಗುತ್ತದೆ, ಆದರೆ ಟಿಸಿಲೊಡೆದು ಗಿಡ ತುಂಬ ಮೊಗ್ಗು ಬರುತ್ತದೆ. ಆ ಎರಡು ವಾರವನ್ನೂ ಎಣಿಕೆಯಲ್ಲಿ ಸೇರಿಸಿಕೊಳ್ಳಿ. ಕನಕಾಂಬರದ ಬೇರಿಗೆ ಗಂಟುಹುಳುವಿನ, ಅಂದರೆ ಬೇರಲ್ಲಿ ಗಂಟು ಕಟ್ಟಿಸುವ ಕಣ್ಣಿಗೆ ಕಾಣದ ಹುಳುವಿನ ಕಾಟ ಜಾಸ್ತಿ. ಒಂದು ವರ್ಷ ಚೆಂಡು ಹೂ ಬೆಳೆದ ಮಡಿಯಲ್ಲಿ ಮುಂದಿನ ವರ್ಷ ಕನಕಾಂಬರ ಹಚ್ಚಿದರೆ ಆ ಕಾಟ ಕಡಿಮೆಯಾಗುತ್ತದೆ.

ಗಣಪತಿ ಹಬ್ಬಕ್ಕೆ ಕರ್ಣಕುಂಡಲ. ಮರಾಠಿಯಲ್ಲಿ ತೇರಡಾ. ಮೊದಲ ಮಳೆ ಬಿದ್ದ ಕೂಡಲೇ ಬೀಜ ಚೆಲ್ಲಿದರೆ ಭಾದ್ರಪದಕ್ಕೆ ಸರಿಯಾಗಿ ಹೂ. ನಮ್ಮ ಪಕ್ಕದ ಮನೆಯ ವಹಿನಿ ಗೌರಿ ಕೂರಿಸಲು ಪ್ರತಿ ವರ್ಷ ಈ ಗಿಡವನ್ನು ಬೇರು ಸಮೇತ ಕೇಳಿ ಒಯ್ಯುತ್ತಾರೆ. ಅವರಿಗಾಗಿಯೇ ನಾನು ಒಂದು ಸಾಲು ಜಾಸ್ತಿ ಹಾಕುತ್ತೇನೆ. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಮೊಮ್ಮಕ್ಕಳಿಗೆ ಆ ಕೆಲಸ ಬಿಡಿ.

ಸೇವಂತಿಗೆಯದು ಬೇರೆ ಕಥೆ. ಎರಡು ವರ್ಷ ನನ್ನ ಮುಂದಿನ ಮಡಿಯಲ್ಲಿ ಸೇವಂತಿಗೆ ಸೊಂಪಾಗಿ ಬೆಳೆಯಿತು, ಎಲೆ ಕಡು ಹಸಿರು, ಒಂದು ಮೊಗ್ಗಿಲ್ಲ. ಅದೇ ಗಿಡದ ಮರಿ ಹಿತ್ತಲಲ್ಲಿ ಹೂವಿನಿಂದ ಬಾಗಿತ್ತು. ಒಂದು ರಾತ್ರಿ ಹಾಲು ಪಾತ್ರೆ ತೊಳೆದ ನೀರು ಚೆಲ್ಲಲು ಹೊರಗೆ ಬಂದಾಗ ಕಣ್ಣಿಗೆ ಬಿತ್ತು. ಕಾಂಪೌಂಡಿನ ದೀಪ ನೇರ ಆ ಮಡಿಯ ಮೇಲೆ, ಎಲೆಯ ನರ ಕಾಣುವಷ್ಟು ಬೆಳಕು. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ಅದಕ್ಕೇ ಅದು ಮಳೆಗಾಲ ಮುಗಿದು ರಾತ್ರಿ ಉದ್ದವಾಗುವಾಗ ಮೊಗ್ಗು ಬಿಡುವುದು. ರಾತ್ರಿಯಿಡೀ ದೀಪ ಉರಿದರೆ ಗಿಡಕ್ಕೆ ಇನ್ನೂ ಬೇಸಿಗೆ. ಈಗ ದೀಪದ ಕೆಳಗೆ ನಿತ್ಯಪುಷ್ಪ ಇದೆ, ಅದಕ್ಕೆ ಬೆಳಕಿನ ತಕರಾರಿಲ್ಲ. ಸೇವಂತಿಗೆ ಹಿತ್ತಲಿಗೆ ಹೋಗಿದೆ. ಹೂ ಮುಗಿದ ಮೇಲೆ ಕಾಂಡವನ್ನು ಎರಡು ಬೆರಳಗಲ ಬಿಟ್ಟು ಕತ್ತರಿಸಿ. ಬುಡದಿಂದ ಬರುವ ಮರಿಗಳನ್ನು ಜೂನ್‌ನಲ್ಲಿ ಬಿಡಿಸಿ ಹಚ್ಚಿ.

ಗುಲಾಬಿಯನ್ನು ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಸವರಿ. ಒಂದೂವರೆ ತಿಂಗಳಿಗೆ, ಪುಣೆಯ ಚಳಿ ಶುರುವಾಗುವಾಗ ಒಳ್ಳೆಯ ಹೂ ಬರುತ್ತದೆ.

ಏರು ಮಡಿಯ ಒಂದೇ ಕಷ್ಟ ಅಂದರೆ ಬೇಗ ಒಣಗುತ್ತದೆ. ಮೇಲೆ ಎರಡು ಅಂಗುಲ ಒಣ ಎಲೆ ಹೊದಿಸಿ. ನೀರು ಹಾಕುವ ಮೊದಲು ಬೆರಳನ್ನು ಎರಡನೇ ಗೆಣ್ಣಿನ ತನಕ ಇಳಿಸಿ ನೋಡಿ, ತಂಪಿದ್ದರೆ ಬಿಡಿ. ಏಪ್ರಿಲ್‌ನಲ್ಲಿ ದಿನಾ ಬೇಕಾಗುತ್ತದೆ, ಮಳೆಗಾಲದಲ್ಲಿ ವಾರಗಟ್ಟಲೆ ಬೇಡ. ಮೊದಲ ಮಳೆಗೆ ಮಣ್ಣು ಎರಡು ಅಂಗುಲ ಕುಸಿಯುತ್ತದೆ, ಹೆದರಬೇಡಿ. ಪ್ರತಿ ಮೇ ಕೊನೆಗೆ ಅಷ್ಟು ಗೊಬ್ಬರ ತುಂಬಿ. ಮಳೆಯಲ್ಲಿ ಬಸವನ ಹುಳು ಒಂದೇ ರಾತ್ರಿಗೆ ಸಸಿ ಸಾಲು ಖಾಲಿ ಮಾಡುತ್ತದೆ. ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ ಆರಿಸಿ ಉಪ್ಪು ನೀರಿಗೆ ಹಾಕಿ, ಕೈಗೆ ಪ್ಲಾಸ್ಟಿಕ್ ಚೀಲ ಇರಲಿ. ಉಪ್ಪನ್ನು ಮಾತ್ರ ಮಡಿಯಲ್ಲಿ ಉದುರಿಸಬೇಡಿ, ಮಣ್ಣು ಕೆಡುತ್ತದೆ. ಗಿಡದ ಮೇಲೆ ಸಸ್ಯಹೇನು ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ.

ಚೆಂಡು ಹೂವಿನಲ್ಲಿ ಚೆನ್ನಾಗಿ ಬಂದ ಗಿಡದ ಎರಡು ಮೂರು ಹೂ ಬೀಜಕ್ಕಾಗಿ ಕೀಳದೆ ಬಿಡಿ. ಪೂರ್ತಿ ಒಣಗಿದ ಮೇಲೆ ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ವರ್ಷ ಬರೆದು ಅಡುಗೆ ಮನೆಯಿಂದ ದೂರ ಇಡಿ. ಹೈಬ್ರಿಡ್ ಬೀಜವಾದರೆ ಮುಂದಿನ ವರ್ಷ ಅದೇ ಹೂ ಬರುವುದಿಲ್ಲ, ಕೊಳ್ಳುವಾಗಲೇ ನಾಟಿ ಬೀಜ ಕೇಳಿ. ಇಲ್ಲಿ ಅದಕ್ಕೆ ಗಾವರಾನ್ ಅಂದರೆ ಸಾಕು, ಅಂಗಡಿಯವರಿಗೆ ತಿಳಿಯುತ್ತದೆ.