ಐದು ಡಾಕ್ಟರು, ಒಂದೇ ಫೈಲು

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಸ್ಟೇಶನ್ನಿನಲ್ಲಿ ಬೆಳಗಿನ ಮಂಗಳೂರು ಗಾಡಿಗೆ ಕಾಯುವವರಲ್ಲಿ ಯಾರಾದರೊಬ್ಬರ ಕೈಯಲ್ಲಿ ಎಕ್ಸ್‌ರೇ ಕವರ್ ಇದ್ದೇ ಇರುತ್ತದೆ. ನಮ್ಮ ಕೈಯಲ್ಲಿ ಎಂಟು ವರ್ಷದಿಂದ ಇದೆ. ಅಕ್ಕನ ಮಗಳಿಗೆ ನ್ಯೂರೋಫೈಬ್ರೊಮಟೋಸಿಸ್ ಟೈಪ್ 1 ಅನ್ನುವ ಜೀನಿನ ಕಾಯಿಲೆ, ಮೈಮೇಲೆ ಮಚ್ಚೆ, ನರಗಳಲ್ಲಿ ಗಂಟು ಬರುವಂಥದ್ದು. ಡಾಕ್ಟರುಗಳು ಎನ್‌ಎಫ್‌1 ಅನ್ನುತ್ತಾರೆ.

ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆ ಮಗುವಿನ ಮೈಮೇಲೆ ಆರೋ ಅದಕ್ಕಿಂತ ಜಾಸ್ತಿಯೋ ಇದ್ದು, ಒಂದೊಂದೂ ಅರ್ಧ ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಮೊದಲು ಯಾರಿಗೂ ಇದ್ದಿರುವುದಿಲ್ಲ, ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆ ಅದು. ಯಾರ ಕಡೆಯಿಂದ ಬಂತು ಅಂತ ಬೀಗರು ಜಗಳ ಶುರು ಮಾಡುವ ಮೊದಲು ಇಷ್ಟು ಗೊತ್ತಿದ್ದರೆ ಒಳ್ಳೆಯದು.

ನರಗಳ ಉದ್ದಕ್ಕೂ ಗಂಟುಗಳು ಬರುತ್ತವೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕಣ್ಣು, ಬೆನ್ನೆಲುಬು, ಬಿಪಿ, ಓದು, ಎಲ್ಲ ಕಡೆಯೂ ಇದರ ಕೈ ಇದೆ. ಹಾಗಾಗಿ ಒಬ್ಬ ಡಾಕ್ಟರು ಸಾಲುವುದಿಲ್ಲ. ಜನ ಎಡವುವುದು ಇಲ್ಲೇ. ಐದು ಕಡೆ ತೋರಿಸುತ್ತಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ಮೊದಲು ಒಬ್ಬ ಕ್ಯಾಪ್ಟನ್ ಬೇಕು. ದೊಡ್ಡ ಸ್ಪೆಷಲಿಸ್ಟ್ ಬೇಡ, ಜ್ವರ ಬಂದರೂ ಸಿಗುವ ಹತ್ತಿರದ ಮಕ್ಕಳ ಡಾಕ್ಟರೇ ಸಾಕು. ಅವರು ತಲಪಾಡಿ ಗಡಿಯ ಈಚೆ, ಕೇರಳದ ಕಡೆಯೇ ಇರಲಿ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರ ಪಾಡು ನೆನಪಿದೆ ಅಲ್ವಾ?

ಆಮೇಲೆ ಫೈಲು. ಮೊದಲ ಪುಟ ಒಂದೇ ಹಾಳೆ, ಇಂಗ್ಲಿಷಿನಲ್ಲೇ ಇರಲಿ. ನಮ್ಮ ಮಲಯಾಳಂ ಚೀಟಿ ಮಂಗಳೂರಿನವರಿಗೆ ಅರ್ಥವಾಗುವುದಿಲ್ಲ, ಅಲ್ಲಿನ ಕನ್ನಡ ಚೀಟಿ ಕಣ್ಣೂರಿನವರಿಗೆ ಅರ್ಥವಾಗುವುದಿಲ್ಲ. ಹುಟ್ಟಿದ ದಿನ, ಕಾಯಿಲೆ ಹೇಗೆ ಖಚಿತವಾಯಿತು, ಜೀನ್ ಟೆಸ್ಟ್ ಮಾಡಿಸಿದ್ದರೆ ಅದರ ಫಲಿತಾಂಶ, ಎತ್ತರ, ತೂಕ, ಬಿಪಿ, ಕೊನೆಯ ಕಣ್ಣಿನ ಪರೀಕ್ಷೆ ಯಾವತ್ತು, ಏನು ಕಂಡಿತು, ಈಗಿನ ಮದ್ದು, ಯಾರು ಯಾವಾಗ ಬರಲು ಹೇಳಿದ್ದಾರೆ, ಎಲ್ಲ ಅದರಲ್ಲಿ ಬರಬೇಕು. ಗಂಟುಗಳ ಫೋಟೋ ತೆಗೆಯುವಾಗ ಪಕ್ಕದಲ್ಲಿ ಶಾಲೆಯ ಸ್ಕೇಲ್ ಇಡಿ, ಪ್ರತಿ ಸಲ ಅದೇ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. "ಸ್ವಲ್ಪ ದೊಡ್ಡದಾಗಿದೆ ಡಾಕ್ಟರೇ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೋದ ವರ್ಷ ಎರಡು ಸೆಂಟಿಮೀಟರ್, ಈಗ ಮೂರು ಅಂದರೆ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ.

ಎಂಆರ್‌ಐ ಸಿಡಿಯನ್ನು ಮಾತ್ರ ನಂಬಬೇಡಿ. ನಮ್ಮದು ಒಂದು ಕಡೆ ತೆರೆಯಲೇ ಇಲ್ಲ, ಇನ್ನೊಮ್ಮೆ ಮಾಡಿಸಿ ಅಂದರು. ಚಿಕ್ಕ ಮಕ್ಕಳು ಅಲ್ಲಾಡದೆ ಮಲಗುವುದಿಲ್ಲ, ಅರಿವಳಿಕೆ ಕೊಡಬೇಕಾಗುತ್ತದೆ, ಅಂದರೆ ಖಾಲಿ ಹೊಟ್ಟೆಯಲ್ಲಿ ಮತ್ತೊಂದು ದಿನ ಅಳು. ಕೌಂಟರ್ ಬಿಡುವ ಮೊದಲೇ ಪೆನ್‌ಡ್ರೈವಿಗೆ ಹಾಕಿಸಿ, ಅಲ್ಲೇ ತೆರೆದು ನೋಡಿ. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೋ ಲೆಕ್ಕಕ್ಕಿಲ್ಲ. ಪ್ರತಿ ಭೇಟಿಯ ಕೊನೆಗೆ, ಎಷ್ಟೇ ಗಡಿಬಿಡಿ ಇರಲಿ, "ನಮ್ಮ ಮಕ್ಕಳ ಡಾಕ್ಟರಿಗೆ ಎರಡು ಸಾಲು ಬರೆದು ಕೊಡಿ" ಅಂತ ಕೇಳಿ. ನಾಚಿಕೆ ಬೇಡ. ಐದು ಜನರನ್ನು ಒಂದು ತಂಡ ಮಾಡುವುದು ಆ ಎರಡು ಸಾಲೇ.

ಕಣ್ಣಿನ ಪರೀಕ್ಷೆ ಚಿಕ್ಕ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಆಗಲೇಬೇಕು. ಈ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ದೃಷ್ಟಿನರದ ಮೇಲೆ ಗಡ್ಡೆ ಬರುತ್ತದೆ, ದೃಷ್ಟಿ ಕಮ್ಮಿಯಾದರೂ ಮಗು ಹೇಳುವುದಿಲ್ಲ. ಕನ್ನಡಕದ ಅಂಗಡಿಯ ಟೆಸ್ಟ್ ಇದಕ್ಕೆ ಆಗುವುದಿಲ್ಲ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಮಕ್ಕಳ ಪಟ್ಟಿಯನ್ನೇ ಕೇಳಿ, ದೊಡ್ಡವರ ಪಟ್ಟಿ ಸುತ್ತಿದರೆ ಕಮ್ಮಿ ತೋರಿಸುತ್ತದೆ. ಬೆನ್ನೆಲುಬು ಸೊಟ್ಟಗಾಗಿದೆಯೇ ಅಂತ ಬೆನ್ನನ್ನು ಬಗ್ಗಿಸಿ ನೋಡುವುದು ಒಂದು ನಿಮಿಷದ ಕೆಲಸ. ಶಾಲೆಯಲ್ಲಿ ಟೀಚರಿಗೆ ಹೇಳಿಡಿ, ಅರ್ಧದಷ್ಟು ಮಕ್ಕಳಿಗೆ ಕಲಿಕೆಯಲ್ಲಿ ತೊಂದರೆ ಇರುತ್ತದೆ, ಅದು ಸೋಮಾರಿತನ ಅಲ್ಲ.

ಮಚ್ಚೆ ಹೋಗಿಸುವ ಕ್ರೀಮಿಗೆ ಸುಮ್ನೆ ದುಡ್ಡು ಹಾಕಬೇಡಿ. ನಾವು ಮೂರು ಟ್ಯೂಬ್ ತರಿಸಿದ್ದೆವು, ಮಚ್ಚೆ ಹಾಗೆಯೇ ಇದೆ. ಗಂಟಿನ ಮೇಲೆ ಎಣ್ಣೆ ಹಾಕಿ ತಿಕ್ಕುವುದೂ ಬೇಡ. ಸೆಲುಮೆಟಿನಿಬ್ ಅಂತ ಮದ್ದಿದೆ, ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಪರೇಶನ್ ಮಾಡಲಾಗದ, ತೊಂದರೆ ಕೊಡುವ ಪ್ಲೆಕ್ಸಿಫಾರ್ಮ್ ಗಂಟುಗಳಿಗೆ, ಅಂದರೆ ನರದ ಕವಲುಗಳಲ್ಲೆಲ್ಲ ಹಬ್ಬಿದ ಗಂಟುಗಳಿಗೆ. ಎಲ್ಲ ಮಕ್ಕಳಿಗೂ ಅಲ್ಲ. ತೆಗೆದುಕೊಳ್ಳುವಾಗ ಹೃದಯ, ಕಣ್ಣು ಎರಡನ್ನೂ ಆಗಾಗ ನೋಡಿಸುತ್ತಿರಬೇಕು.

ಗಂಟು ಬೇಗ ಬೆಳೆದರೆ, ಗಟ್ಟಿಯಾದರೆ, ನೋವಿನಿಂದ ಮಗು ರಾತ್ರಿ ಎದ್ದರೆ, ಕೈಕಾಲು ಸೋತರೆ, ಬೆಳಿಗ್ಗೆ ತಲೆನೋವಿನ ಜೊತೆ ವಾಂತಿಯಾದರೆ ಮುಂದಿನ ಡೇಟಿಗೆ ಕಾಯಬೇಡಿ, ಅವತ್ತೇ ಕ್ಯಾಪ್ಟನ್‌ಗೆ ಫೋನ್ ಮಾಡಿ.

ಫೈಲಿಗೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್ ತೆಗೆದುಕೊಳ್ಳಿ. ಬಟ್ಟೆ ಅಂಗಡಿಯ ಕವರಿನಲ್ಲಿ ಒಯ್ದು, ಜೂನಿನ ಮಳೆಗೆ ನಮ್ಮ ಎರಡು ವರ್ಷದ ಬಿಪಿ ಲೆಕ್ಕ ಪೂರ್ತಿ ನೀಲಿ ನೀರಾಗಿ ಹೋಗಿದೆ.