ಗೆರೆ ಹುಡುಕಿಕೊಂಡು ದಿಲ್ಲಿಯ ಮ್ಯೂಸಿಯಂಗಳಲ್ಲಿ

ನಾನು ಸಾಗರದ ಹತ್ತಿರದ ಹಳ್ಳಿಯವಳು. ಹಸೆ ಚಿತ್ತಾರ ಬರೆಯುತ್ತೇನೆ. ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ, ಈಗೀಗ ಹಾಳೆ ಮತ್ತು ಬಟ್ಟೆಯ ಮೇಲೂ. ದಿಲ್ಲಿಯ ದೊಡ್ಡ ಮ್ಯೂಸಿಯಂಗಳನ್ನು ನೋಡಬೇಕೆಂಬ ಆಸೆ ಬಹಳ ಹಿಂದಿನದು. ಅಕ್ಕನ ಮಗಳಿಗೆ ಅಲ್ಲಿ ಕೆಲಸ ಸಿಕ್ಕಿತು, ಉಳಿಯೋಕೆ ಮನೆ ಆಯ್ತು, ಹೊರಟೆ. ತಾಳಗುಪ್ಪದ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್. ನನ್ನ ಹತ್ತಿರ ಚಿತ್ತಾರ ಕಲಿಯುವ ಹುಡುಗಿಯರು ಈಗ ಕೇಳುತ್ತಾರೆ, ಅಷ್ಟು ದೊಡ್ಡ ಮ್ಯೂಸಿಯಂಗಳನ್ನೆಲ್ಲ ಹೇಗೆ ನೋಡಿದ್ರಿ ಅಂತ. ಎಲ್ಲವನ್ನೂ ನೋಡಲಿಲ್ಲ. ಬೇಕಂತಲೇ ಸ್ವಲ್ಪ ನೋಡಿದೆ. ಆ ಸ್ವಲ್ಪವನ್ನು ಹೇಗೆ ಆರಿಸಿಕೊಂಡೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲೇ ಒಂದು ಪ್ರಶ್ನೆ ಗಟ್ಟಿ ಮಾಡಿಕೊಂಡಿದ್ದೆ. ಬರೆದವರ ಕೈ ಎಲ್ಲಿ ನಿಂತಿತು, ಎಲ್ಲಿ ಮತ್ತೆ ಶುರುವಾಯಿತು? ಚಿತ್ತಾರ ಬರೆಯುವವರಿಗೆ ಇದು ದಿನದ ಪ್ರಶ್ನೆ. ಪುಂಡಿ ನಾರಿನ ಕುಂಚ ಹೆಚ್ಚು ಬಣ್ಣ ಹಿಡಿಯುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ ಎಳೆ ಎಳೆಯುತ್ತಾ ಹೋದರೆ ಸ್ವಲ್ಪ ದೂರಕ್ಕೇ ಅಕ್ಕಿ ಹಿಟ್ಟು ತೀರುತ್ತದೆ. ಮತ್ತೆ ಅದ್ದಬೇಕು, ಬಿಟ್ಟ ಜಾಗಕ್ಕೇ ತಂದು ಇಡಬೇಕು. ಎರಡು ಎಳೆ ಸೇರಿದ ಜಾಗ ಕಾಣಬಾರದು. ನೋಡುವವರು ಇಡೀ ಚಿತ್ತಾರ ನೋಡುತ್ತಾರೆ, ನಾವು ಆ ಸೇರಿದ ಜಾಗ ನೋಡುತ್ತೇವೆ. ಬೇರೆಯವರು ಇದನ್ನು ಹೇಗೆ ದಾಟಿದ್ದಾರೆ ಎಂದು ತಿಳಿಯುವ ಹಂಬಲ ನನಗೆ.

ಕಣ್ಣಿನ ಅಭ್ಯಾಸವನ್ನು ನಮ್ಮ ಜಿಲ್ಲೆಯಲ್ಲೇ ಮಾಡಿದೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಸುತ್ತಲಿನ ಊರುಗಳಿಂದ ತಂದ ಶಿಲ್ಪ, ವೀರಗಲ್ಲುಗಳನ್ನು ಅಲ್ಲಿ ಇಟ್ಟಿದ್ದಾರೆ. ಸಂತೆಗೆಂದು ಶಿವಮೊಗ್ಗಕ್ಕೆ ಹೋದಾಗ ಅಲ್ಲಿ ಒಂದು ಕಲ್ಲಿನ ಮುಂದೆ ಸುಮ್ನೆ ಕೂತುಬಿಡುತ್ತಿದ್ದೆ. ಮೊದಲು ಏನೂ ತೋಚುವುದಿಲ್ಲ. ಆಮೇಲೆ ಉಳಿ ಆಳಕ್ಕೆ ಹೋದದ್ದು, ತೇಲಿಸಿ ಬಿಟ್ಟದ್ದು ಕಾಣಲು ಶುರುವಾಗುತ್ತದೆ. ಕೆಳದಿಯ ರಾಮೇಶ್ವರ ಗುಡಿಯ ಮೇಲ್ಛಾವಣಿಯಲ್ಲಿ ಗಂಡಭೇರುಂಡ ಇದೆ. ಅದನ್ನು ಕತ್ತೆತ್ತಿ ನೋಡುತ್ತಾ ನಿಂತರೆ ಕುತ್ತಿಗೆ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ! ನೋಡುವುದಕ್ಕೆ ಮೈಗೂ ಶಕ್ತಿ ಬೇಕು. ಇದನ್ನು ಯಾರೂ ಹೇಳುವುದಿಲ್ಲ.

ದಿಲ್ಲಿಯಲ್ಲಿ ಮೊದಲು ಹೋದದ್ದು ಜನಪಥ್ ರಸ್ತೆಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ. 1949ರಲ್ಲಿ ಶುರುವಾದದ್ದು, ಈಗಿನ ಕಟ್ಟಡ 1960ರದು. ಒಳಗೆ ಕಾಲಿಟ್ಟರೆ ಸಿಂಧೂ ಕಣಿವೆಯಿಂದ ಹಿಡಿದು ಮಧ್ಯ ಏಷ್ಯಾದ ರೇಷ್ಮೆ ಚಿತ್ರಗಳವರೆಗೆ ಎಲ್ಲ ಇದೆ. ಮೊಹೆಂಜೊದಾರೊದ ನರ್ತಕಿ ಮಾತ್ರ ನೋಡದೆ ಬರಲಾಗಲಿಲ್ಲ. ಪುಸ್ತಕದ ಚಿತ್ರದಲ್ಲಿ ಆಳೆತ್ತರ ಇದ್ದಂತೆ ಕಾಣುವ ಆ ಕಂಚಿನ ಹುಡುಗಿ ನಿಜಕ್ಕೂ ಹತ್ತೂವರೆ ಸೆಂಟಿಮೀಟರ್ ಅಷ್ಟೇ. ಸೊಂಟದ ಮೇಲೆ ಕೈಯಿಟ್ಟು ನಿಂತ ಠೀವಿ ನೋಡಿದರೆ ಆ ಅಳತೆ ಮರೆತೇ ಹೋಗುತ್ತದೆ.

ಅಲ್ಲಿಂದ ಸೀದಾ ಮಿನಿಯೇಚರ್, ಅಂದರೆ ಸಣ್ಣ ಅಳತೆಯ ವರ್ಣಚಿತ್ರಗಳ ವಿಭಾಗಕ್ಕೆ. ಮೊಘಲ್, ರಾಜಸ್ಥಾನಿ, ಪಹಾಡಿ, ದಖ್ಖನಿ, ಎಲ್ಲವೂ ಇವೆ. ನಾನು ಪಹಾಡಿ ಚಿತ್ರಗಳ ಹತ್ತಿರ ನಿಂತೆ. ಹಿಮಾಚಲ, ಜಮ್ಮು ಕಡೆಯ ಗುಡ್ಡದ ಸಂಸ್ಥಾನಗಳಲ್ಲಿ ಬರೆದವು. ಅವರ ಕುಂಚ ಅಳಿಲಿನ ಬಾಲದ ಕೂದಲಿನದು. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿ, ಬಣ್ಣ ಹಚ್ಚಿದ ಮೇಲೆ ಹಿಂಬದಿಯಿಂದ ನುಣುಪು ಕಲ್ಲಿನಲ್ಲಿ ಉಜ್ಜುತ್ತಿದ್ದರು. ಬಣ್ಣ ಹಾಳೆಯೊಳಗೇ ಕೂತು ಹೊಳೆಯುವುದು ಇದಕ್ಕೇ. ಆ ಸಂಸ್ಥಾನಗಳಲ್ಲಿ ಒಂದಾದ ಬಸೋಹ್ಲಿಯ ಚಿತ್ರಕಾರರು ಒಡವೆಯಲ್ಲಿ ಪಚ್ಚೆಕಲ್ಲು ತೋರಿಸಲು ಹಸಿರು ದುಂಬಿಯ ರೆಕ್ಕೆಯ ಚೂರು ಅಂಟಿಸುತ್ತಿದ್ದರು. ಇದನ್ನು ಮೊದಲೇ ಓದಿಕೊಂಡು ಹೋಗಿದ್ದೆ. ಹಾಗಾಗಿ ಮುಖ ಬಿಟ್ಟು ಕಿವಿಯೋಲೆಯನ್ನು ನೋಡಿದೆ. ಮುಂದೆ ನಿಂತರೆ ಸುಮ್ನೆ ಕಪ್ಪು ಚುಕ್ಕಿ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಹಸಿರು ಮಿಂಚಿತು.

ಅಕ್ಕನ ಮಗಳು ಕೇಳಿದಳು, "ಚಿಕ್ಕಿ, ಇನ್ನೂ ಎಷ್ಟು ಹೊತ್ತು ಇದೊಂದನ್ನೇ ನೋಡ್ತೆ?"

"ಆ ಸೆರಗಿನ ಅಂಚು ನೋಡು ಮಾರಾಯ್ತಿ. ಎಲ್ಲಿ ಕೈ ಎತ್ತಿದಾನೆ ಹೇಳು ನೋಡೋಣ."

ಅವಳು ಬಗ್ಗಿ ಹುಡುಕಿದಳು, ನಾನೂ ಹುಡುಕಿದೆ. ಸಿಗಲಿಲ್ಲ. ಆಮೇಲೆ ಒಂದು ಗುಟ್ಟು ಹೊಳೆಯಿತು. ಗೆರೆ ಶುರುವಿನಲ್ಲಿ ದಪ್ಪಗಿದ್ದು, ಕೊನೆಗೆ ಬರುವಾಗ ಸಣ್ಣದಾಗುತ್ತದೆ. ಆ ಸಣ್ಣ ತುದಿಯನ್ನು ಮುಂದಿನ ಮಡಿಕೆಯ ಒಳಗೆ ನುಗ್ಗಿಸಿ ಬಿಡುತ್ತಾನೆ. ಕೂಡಿದ ಜಾಗ ಮಡಿಕೆಯಲ್ಲಿ ಅಡಗಿಹೋಗುತ್ತದೆ. ನಮ್ಮದು ಬೇರೆ ದಾರಿ. ಎಳೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ ಇರಬೇಕು, ಅಡಗಿಸೋಕೆ ಮಡಿಕೆ ಇಲ್ಲ. ಹಾಗಾಗಿ ಎಳೆಗಳು ಒಂದನ್ನೊಂದು ದಾಟುವ ಜಾಗದಲ್ಲೇ ಕೈ ಎತ್ತುತ್ತೇವೆ. ಅಮ್ಮ ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಯಾಕೆ ಎಂದು ಅಲ್ಲಿ ನಿಂತಾಗ ಮೊದಲ ಸಲ ತಿಳಿಯಿತು.

ಅದೇ ಕಟ್ಟಡದಲ್ಲಿ ತಂಜಾವೂರು ಮತ್ತು ಮೈಸೂರು ಶೈಲಿಯ ಚಿತ್ರಗಳೂ ಇವೆ. ಚಿನ್ನದ ಕೆಲಸದಲ್ಲಿ ಮೈಸೂರಿನದು ತೆಳು, ತಂಜಾವೂರಿನದು ಉಬ್ಬು. ನನ್ನ ಮನಸ್ಸು ಮೈಸೂರಿನ ಕಡೆಗೇ. ಅಷ್ಟು ನೋಡಿ ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದುಬಿಟ್ಟೆ. ಕಣ್ಣು ದಣಿದ ಮೇಲೆ ನೋಡಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಇಂಡಿಯಾ ಗೇಟ್ ಕಡೆ ಬಯಲಿನಲ್ಲಿ ಕೂತು ಕಟ್ಟಿಕೊಂಡು ಹೋದ ಚಪಾತಿ ತಿಂದು, ನೋಡಿದ್ದನ್ನು ನೆನಪಿನಿಂದ ಪುಸ್ತಕಕ್ಕೆ ಇಳಿಸಿದೆ. ನೆನಪಿನಿಂದ ಬರೆದದ್ದೇ ಕೈಗೆ ಹತ್ತುತ್ತದೆ.

ಮತ್ತೊಂದು ದಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಇಂಡಿಯಾ ಗೇಟ್ ಹತ್ತಿರದ ಜೈಪುರ ಹೌಸ್‌ನಲ್ಲಿದೆ. ಮೊದಲು ಜೈಪುರದ ಮಹಾರಾಜರ ದಿಲ್ಲಿ ಮನೆ, 1954ರಲ್ಲಿ ಮ್ಯೂಸಿಯಂ ಆಯಿತು. ಇಲ್ಲಿ ಮೂವರನ್ನು ಮಾತ್ರ ನೋಡುತ್ತೇನೆ ಎಂದು ತೀರ್ಮಾನ ಮಾಡಿಕೊಂಡಿದ್ದೆ.

ಮೊದಲನೆಯವರು ಜಾಮಿನಿ ರಾಯ್. ಕಲ್ಕತ್ತೆಯ ಸರ್ಕಾರಿ ಕಲಾ ಶಾಲೆಯಲ್ಲಿ ಕಲಿತು, ಯುರೋಪಿನ ರೀತಿಯ ಚಿತ್ರ ಬರೆಯುತ್ತಿದ್ದವರು. ಅದನ್ನು ಬಿಟ್ಟು ಬಂಗಾಳದ ಹಳ್ಳಿಯ ಪಟ ಬರೆಯುವವರ ದಾರಿ ಹಿಡಿದರು. ಮಣ್ಣಿನ ಬಣ್ಣ, ದೀಪದ ಮಸಿ, ಹುಣಸೆ ಬೀಜದ ಅಂಟು. ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು ತೇಯ್ದು ಬೆಳೆದ ನನಗೆ ಆ ಚಿತ್ರಗಳು ಎಷ್ಟು ಹತ್ತಿರ ಅನಿಸಿದವು ಎಂದು ಹೇಳಲಾರೆ. ಅವರ ಗೆರೆ ಒಂದೇ ಬೀಸಿನದು. ಕಣ್ಣಿನ ಮೂಲೆಯಿಂದ ಹೊರಟರೆ ಕಿವಿಯ ಹತ್ತಿರ ಹೋಗಿಯೇ ನಿಲ್ಲುತ್ತದೆ.

ಎರಡನೆಯವರು ನಂದಲಾಲ್ ಬೋಸ್. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಹೇಳಿದ್ದಕ್ಕೆ ಅವರು ಚಿತ್ರಫಲಕಗಳನ್ನು ಬರೆದರು. ಅವರೂ ಶಿಷ್ಯರೂ ಸೇರಿ ಸುಮಾರು 400 ಮಾಡಿದರಂತೆ. ಡೋಲು ಬಾರಿಸುವವನು, ಬಡಗಿ, ಹತ್ತಿ ಹಿಂಜುವವನು, ಹೀಗೆ ದುಡಿಯುವ ಜನ. ಚಪ್ಪರದ ಕೆಳಗೆ ಓಡಾಡುವ ಹಳ್ಳಿಯವರ ಕಣ್ಣಿಗೆ ಬೀಳಲಿ ಎಂದು ಬರೆದವು. ಬೇಗ ಬರೆದದ್ದು ಕುಂಚದ ಓಟದಲ್ಲೇ ಕಾಣುತ್ತದೆ. ಕೈ ಎತ್ತಿದ ಜಾಗವನ್ನು ಇವರು ಅಡಗಿಸುವ ಗೋಜಿಗೇ ಹೋಗಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು.

ಮೂರನೆಯವರು ಅಮೃತಾ ಶೇರ್-ಗಿಲ್. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ಇಪ್ಪತ್ತೆಂಟು ವರ್ಷ, ಅಷ್ಟೇ. ದಕ್ಷಿಣ ಭಾರತ ಸುತ್ತಿ ಬಂದ ಮೇಲೆ 1937ರಲ್ಲಿ ಬರೆದ 'ಬ್ರಹ್ಮಚಾರಿಗಳು' ಚಿತ್ರದ ಮುಂದೆ ನಾನು ಜಾಸ್ತಿ ಹೊತ್ತು ಇದ್ದೆ. ಕೆಂಪು ಮಣ್ಣಿನ ಛಾಯೆಯ ಹಿನ್ನೆಲೆ, ಅದರ ಮೇಲೆ ಬಿಳಿ ಪಂಚೆ. ನಮ್ಮ ಗೋಡೆಯದೇ ಎರಡು ಬಣ್ಣ! ಆದರೆ ಹುಡುಕಿದರೂ ಗೆರೆ ಇಲ್ಲ. ಬಣ್ಣ ಬಣ್ಣಕ್ಕೆ ತಾಗುವ ಕಡೆ ಅಂಚು ತಾನಾಗಿ ಆಗಿದೆ. ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಇಷ್ಟು ಹೊತ್ತು ನಿಂತೆನೋ ಏನೋ.

ಸಾಕೇತ್‌ನ ಕಿರಣ್ ನಾಡಾರ್ ಮ್ಯೂಸಿಯಂಗೂ ಹೋದೆ. 2010ರಲ್ಲಿ ಶುರುವಾದ ಖಾಸಗಿ ಮ್ಯೂಸಿಯಂ, ಮಾಲ್‌ಗಳ ಪಕ್ಕದಲ್ಲೇ ಇದೆ. ಅಲ್ಲಿ ನನಗೆ ಬೇಕಾಗಿದ್ದವರು ನಸ್ರೀನ್ ಮೊಹಮ್ಮದಿ. ಬರೀ ಗೆರೆಗಳು, ಪೆನ್ಸಿಲ್ ಮತ್ತು ಇಂಕಿನಲ್ಲಿ, ಕೂದಲೆಳೆಯಷ್ಟು ಸಣ್ಣಗೆ. ಕಾಯಿಲೆಯಿಂದ ಕೈ ಹತೋಟಿ ತಪ್ಪುತ್ತಿದ್ದ ಕಾಲದಲ್ಲೂ ಅವರ ಗೆರೆ ಅಲುಗಲಿಲ್ಲ. ಉಳಿದ ಕೋಣೆಗಳನ್ನು ಬೇಗ ಬೇಗ ದಾಟಿದೆ.

ಕೊನೆಗೆ ಇಟ್ಟುಕೊಂಡಿದ್ದು ಪುರಾನಾ ಕಿಲಾ ಎದುರಿನ ಭೈರೋನ್ ಮಾರ್ಗದ ಕರಕುಶಲ ಮ್ಯೂಸಿಯಂ. ನಿಮಗೆ ದಿಲ್ಲಿಯಲ್ಲಿ ಒಂದೇ ದಿನ ಇದ್ದರೆ ಇದಕ್ಕೇ ಹೋಗಿ ಅನ್ನುತ್ತೇನೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಇದನ್ನು ಹಳ್ಳಿಯ ಬೀದಿ, ಅಂಗಳಗಳ ಹಾಗೆ ಕಟ್ಟಿದ್ದಾರೆ. ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆಯುತ್ತಾ ಹೋಗಬಹುದು, ಕೂರೋಕೆ ಕಟ್ಟೆಗಳಿವೆ, ಉಸಿರು ಕಟ್ಟುವುದಿಲ್ಲ.

ಒಂದು ಕಡೆ ತಿರುಗಿದರೆ ಎದುರಿಗೆ ನಮ್ಮ ಘಟ್ಟದ ಕೆಳಗಿನವರು! ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತದ ಮರದ ಮೂರ್ತಿಗಳು. ದೊಡ್ಡ ದೊಡ್ಡವು, ಕಣ್ಣರಳಿಸಿ ನಿಂತಿವೆ. ಕೈ ತಾನಾಗಿ ಮುಗಿಯಿತು. ಕಾವಲಿನ ಅಣ್ಣ ನನ್ನನ್ನು ನೋಡಿ ನಕ್ಕು, ಕೂತು ಬರೆದುಕೊಳ್ಳಿ ಎಂದು ಕೈ ಸನ್ನೆ ಮಾಡಿದ.

ಆದರೆ ನಾನು ಅಲ್ಲಿಗೆ ಹೋದದ್ದು ಈಗ ಅಲ್ಲಿ ಇಲ್ಲದ ಗೋಡೆಗಾಗಿ. ಬಿಹಾರದ ಮಿಥಿಲೆಯಲ್ಲಿ ಮದುವೆಯಾದ ಗಂಡು ಹೆಣ್ಣಿನ ಕೋಣೆಯ ಗೋಡೆಗೆ ಚಿತ್ರ ಬರೆಯುತ್ತಾರೆ. ಆ ಕೋಣೆಗೆ ಕೋಹಬರ್ ಎಂದು ಹೆಸರು. ನಮ್ಮ ಹಸೆ ಗೋಡೆಯ ಹಾಗೆಯೇ ಮದುವೆಗೆಂದು ಹೆಂಗಸರು ಬರೆಯುವುದು. ಗಂಗಾ ದೇವಿ ಎಂಬ ತಾಯಿ ಬಣ್ಣ ತುಂಬುವುದಕ್ಕಿಂತ ಗೆರೆಯಲ್ಲೇ ಬರೆಯುವ ಕಚನಿ ರೀತಿಯಲ್ಲಿ ದೊಡ್ಡವರು. 1984ರಲ್ಲಿ ಪದ್ಮಶ್ರೀ ಬಂತು. ಕ್ಯಾನ್ಸರ್ ಚಿಕಿತ್ಸೆಗೆ ದಿಲ್ಲಿಯಲ್ಲಿದ್ದ ದಿನಗಳಲ್ಲಿ ಅವರು ಈ ಮ್ಯೂಸಿಯಂನ ಒಂದು ಕೋಣೆಗೆ ಇಡೀ ಕೋಹಬರ್ ಬರೆದರು. 1991ರಲ್ಲಿ ತೀರಿಕೊಂಡರು. ಮುಂದೆ ಕಟ್ಟಡದ ನವೀಕರಣ ನಡೆದಾಗ ಆ ಗೋಡೆ ಹೋಯಿತು. ಫೋಟೋಗಳಲ್ಲಿ ಮಾತ್ರ ಉಳಿದಿದೆ.

ಇದು ಗೊತ್ತಿದ್ದೇ ಹೋಗಿದ್ದೆ. ಆದರೂ ಅಲ್ಲಿ ನಿಂತಾಗ ತುಂಬಾ ಸಂಕಟವಾಯಿತು. ಅಕ್ಕನ ಮಗಳು ಕೇಳಿದಳು, "ನಮ್ಮಲ್ಲೂ ಮದುವೆ ಆದ ಮೇಲೆ ಗೋಡೆ ಬಳೀತಾರಲ್ವಾ ಚಿಕ್ಕಿ?" ಬಳಿಯುತ್ತಾರೆ, ನಿಜ. ಆದರೆ ನಮ್ಮಲ್ಲಿ ಗೋಡೆ ಬಳಿದವಳೇ ಮುಂದಿನ ಮದುವೆಗೆ ಮತ್ತೆ ಬರೆಯುತ್ತಾಳೆ. ಅವಳ ಕೈ ಇರುತ್ತದೆ. ಗಂಗಾ ದೇವಿಯ ಕೈ ಮತ್ತೆ ಬರುವುದಿಲ್ಲವಲ್ಲ. ಮ್ಯೂಸಿಯಂ ಇರುವುದೇ ಹಾಗೆ ಹೋದವರ ಕೈಯನ್ನು ಕಾಯುವುದಕ್ಕೆ ಎಂದು ನಾನು ನಂಬಿದ್ದೇನೆ, ಈಗಲೂ.

ಊರಿಗೆ ಬಂದ ಮೇಲೆ ನಮ್ಮ ಸುತ್ತಲಿನ ಮನೆಗಳಲ್ಲಿ ಹಿರಿಯ ಹೆಂಗಸರು ಬರೆದ ಗೋಡೆಗಳನ್ನು ಬಳಿಯುವ ಮೊದಲೇ ಹಾಳೆಗೆ ಇಳಿಸಿಕೊಳ್ಳಲು ಶುರು ಮಾಡಿದ್ದೇನೆ. ಬರೀ ಫೋಟೋ ಸಾಕಾಗುವುದಿಲ್ಲ. ಎಳೆ ಎಷ್ಟು ದಪ್ಪ, ಎಲ್ಲಿ ಕೈ ಎತ್ತಿದ್ದಾರೆ, ಯಾವ ಎಳೆ ಮೊದಲು, ಯಾವುದು ಆಮೇಲೆ, ಹಾಡು ಯಾವುದು ಎಂದು ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳುತ್ತೇನೆ. ಹುಡುಗಿಯರೂ ಜೊತೆಗೆ ಬರುತ್ತಾರೆ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಸೋಮವಾರ ಈ ಮ್ಯೂಸಿಯಂಗಳು ಮುಚ್ಚಿರುತ್ತವೆ, ರೈಲಿನ ಟಿಕೆಟ್ ಮಾಡಿಸುವಾಗಲೇ ನೆನಪಿಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ಮಲೆನಾಡಿನವರಿಗೆ ದಿಲ್ಲಿಯ ಬೇಸಿಗೆ ಆಗುವುದಿಲ್ಲ. ಸ್ವೆಟರ್ ಜೊತೆಗಿರಲಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶಾಲೆಯ ಮಕ್ಕಳ ಗುಂಪು ಬರುವ ಮೊದಲು ಒಂದು ಗಂಟೆ ಕೋಣೆಗಳು ಖಾಲಿ ಇರುತ್ತವೆ. ಪೆನ್ನು ಬೇಡ, ಪೆನ್ಸಿಲ್ ಮತ್ತು ಸಣ್ಣ ಪುಸ್ತಕ ಸಾಕು. ಕೂತು ಬರೆಯುವ ಮೊದಲು ಕಾವಲಿನವರನ್ನು ಒಂದು ಮಾತು ಕೇಳಿ, ಬೇಡ ಅಂದವರು ನನಗೆ ಯಾರೂ ಸಿಗಲಿಲ್ಲ. ದೊಡ್ಡ ಚೀಲ ಹೊರಗೇ ಇಟ್ಟು ಹೋಗಬೇಕಾಗುತ್ತದೆ, ಹಾಗಾಗಿ ಕನ್ನಡಕವನ್ನು ಕೈಯಲ್ಲೇ ಇಟ್ಟುಕೊಳ್ಳಿ. ನನ್ನ ಮುಂದಿನ ಪಟ್ಟಿಯಲ್ಲಿ ಇರುವುದು ರಾಷ್ಟ್ರೀಯ ಸಂಗ್ರಹಾಲಯದ ಮಧ್ಯ ಏಷ್ಯಾದ ರೇಷ್ಮೆ ಚಿತ್ರಗಳು. ಅವನ್ನು ಈ ಸಲ ಮುಟ್ಟಲೇ ಇಲ್ಲ.